ತುಂಬದ ಗುಂಡಿ

ಭಾನುವಾರ ಬೆಳಿಗ್ಗೆ ಕೇಶಪ್ಪ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಒಳಗೆ ಹೆಂಡತಿ ಚಂದವ್ವ ಒದ್ದೆ ಬಟ್ಟೆಯಿಂದ ಕಿಟಕಿಯ ಸರಳುಗಳ ಕರಿ ಧೂಳು ಒರೆಸುತ್ತಿದ್ದಳು. ಕೊಂಕಣಿ ಸೀಮೆಯ ಸಡಾ ಗುಡ್ಡದ ಮೇಲೆ, ಬಂದರಿನ ಕಲ್ಲಿದ್ದಲ ಗಾಳಿ ನೇರವಾಗಿ ಬೀಸುವ ಆ ಎರಡು ಕೋಣೆಯ ಮನೆಯಲ್ಲಿ ಅವಳ ದಿನ ಶುರುವಾಗುವುದೇ ಹೀಗೆ. ಒಂಬತ್ತನೆಯ ತರಗತಿಯ ಮಗಳು ಅಂಬಿಕಾ ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ವಾಟಿ ಇಟ್ಟು, ಪೆನ್ಸಿಲ್ ಹೆರೆಯುತ್ತಿದ್ದಳು.

"ಅಪ್ಪಾ, ನಮ್ಮ ತಾಲೂಕಿನ ನಕಾಶಿ ಬರಕೊಂಡು ಬರ್ರಿ ಅಂದಾರ ಟೀಚರ್. ನೆಲ ಎಂಥಾದು, ನೀರು ಎಲ್ಲೈತಿ, ಯಾರು ಎಲ್ಲಿ ಇರ್ತಾರ, ಏನು ಕೆಲಸ ಮಾಡ್ತಾರ, ಎಲ್ಲಾ ತೋರಿಸಬೇಕು. ಪುಸ್ತಕ ನೋಡಿ ಬರದ್ರ ಮಾರ್ಕ್ಸ್ ಇಲ್ಲಂತ. ನಡದು ನೋಡಬೇಕಂತ. ನೀ ಬರ್ತೀಯೇನು?"

"ನೆಲದ ಸುದ್ದಿ ಅಂದಮ್ಯಾಲೆ ನಾನ ಬರಬೇಕಲ್ಲ," ಎಂದ ಕೇಶಪ್ಪ.

"ಹೌದು, ಅಪ್ಪನ್ನ ಕರಕೊಂಡು ಹೋಗು," ಎಂದಳು ಚಂದವ್ವ ಒಳಗಿನಿಂದ. "ನೆಲ ಅಗದು ಅಗದು ನಿಮ್ಮಪ್ಪಗ ಪಾತಾಳದಾಗಿನವರದೂ ಗುರ್ತ ಐತಿ."

ಚೇಷ್ಟೆಯ ಮಾತಾದರೂ ಕೇಶಪ್ಪನಿಗೆ ಹಿತವಾಯಿತು. ಅವನು ಗೌಂಡಿ, ಕಲ್ಲು ಗಾರೆ ಕೆಲಸದವನು. ಈಗ ಫಾತೋರ್ಡಾದ ಒಂದು ದೊಡ್ಡ ಕಟ್ಟಡದಲ್ಲಿ ಕೆಲಸ. ಆದರೆ ಗುಡ್ಡದ ಮೇಲೆ ಅವನಿಗೆ ಹೆಸರು ತಂದದ್ದು ಗೋಡೆಯಲ್ಲ, ಸಂಡಾಸಿನ ಗುಂಡಿ. ಬಾಗೇವಾಡಿ ಕಡೆಯ ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದವನು ಅವನು. ಅಲ್ಲಿ ಗುಂಡಿ ತೋಡಿದರೆ ನೀರು ಇಂಗುವುದಿಲ್ಲ. ಮಳೆಗಾಲಕ್ಕೆ ಉಕ್ಕಿ ಅಂಗಳಕ್ಕೇ ಬರುತ್ತದೆ. ಇಲ್ಲಿಗೆ ಬಂದು ಮೊದಲ ಗುಂಡಿ ತೋಡಿದಾಗ ಈ ಕೆಂಪು ಕಲ್ಲು ನೀರು ಕುಡಿಯುವ ಪರಿ ನೋಡಿ ಅವನು ಬೆರಗಾಗಿದ್ದ. ತಳಕ್ಕೆ ಸಿಮೆಂಟು ಬೇಕಿಲ್ಲ, ಪಕ್ಕಕ್ಕೆ ಗಾರೆ ಗಿಲಾಯಿ ಬೇಕಿಲ್ಲ; ಎಷ್ಟು ಹೋದರೂ ಗುಂಡಿ ತುಂಬುವುದಿಲ್ಲ. ಸುದ್ದಿ ಮನೆಯಿಂದ ಮನೆಗೆ ಹಬ್ಬಿತು. ತನ್ನದೂ ಸೇರಿ ಮೂವತ್ತೇಳು ಮನೆಗಳಿಗೆ ಅವನೇ ತೋಡಿಕೊಟ್ಟ. "ಕೇಶಪ್ಪನ ಗುಂಡಿ ತುಂಬಂಗಿಲ್ಲ" ಎನ್ನುವುದು ಗುಡ್ಡದ ಮೇಲೆ ಒಂದು ಗಾದೆಯೇ ಆಗಿಹೋಗಿತ್ತು. ಹೋದದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಅಪ್ಪ ಮಗಳು ಗುಡ್ಡದ ನೆತ್ತಿಯಿಂದ ಶುರುಮಾಡಿದರು. ಉತ್ತರಕ್ಕೆ ಜುವಾರಿ ನದಿ ಸಮುದ್ರ ಸೇರುವ ಅಗಲವಾದ ಬಾಯಿ, ಅದರ ಅಂಚಿಗೆ ಬಂದರಿನ ಕ್ರೇನುಗಳು. ದಕ್ಷಿಣಕ್ಕೆ ಕಡಿದಾದ ಬಂಡೆ, ಅದರ ಕೆಳಗೆ ಸಮುದ್ರ. ಸಡಾ ಅಂದರೆ ಕೊಂಕಣಿಯಲ್ಲಿ ಗುಡ್ಡದ ಮೇಲಿನ ಕಲ್ಲು ಬಯಲು ಎಂದು ಅಂಬಿಕಾ ಹೇಳಿದಾಗ, ಇಷ್ಟು ವರ್ಷ ಕರೆದ ಹೆಸರಿಗೆ ಒಂದು ಅರ್ಥವಿದೆ ಎಂದು ಕೇಶಪ್ಪನಿಗೆ ಗೊತ್ತಾಯಿತು. ಯಾರು ಎಲ್ಲಿದ್ದಾರೆ ಎಂಬುದನ್ನು ಅವನು ಹೇಳಿದ, ಅವಳು ಬರೆದುಕೊಂಡಳು. ಸಮುದ್ರ ಚೆನ್ನಾಗಿ ಕಾಣುವಲ್ಲಿ ಸಾಹೇಬರ ಬಂಗಲೆಗಳು. ಆಮೇಲೆ ಬಂದರು ನೌಕರರ ಕ್ವಾರ್ಟರ್ಸ್. ಆಮೇಲೆ ವಿಜಯಪುರ, ಬಾಗಲಕೋಟೆ, ಗದಗಿನಿಂದ ಬಂದ ನಮ್ಮ ಓಣಿಗಳು.

"ಕೆಳಗ?" ಎಂದಳು ಅಂಬಿಕಾ.

"ಕೆಳಗೇನಿಲ್ಲ. ಆ ಝರಿ, ಅಲ್ಲೊಂದು ಹನ್ನೆರಡು ಗುಡಿಸಲಾ."

"ಝರಿ ಬರೀಬೇಕಲ್ಲಪ್ಪಾ. ಗುಡಿಸಲಾದಾಗ ಯಾರದಾರ ಅನ್ನೂದೂ ಬರೀಬೇಕು."

ಕೇಶಪ್ಪನಿಗೆ ಇಳಿಯಲು ಮನಸ್ಸಿರಲಿಲ್ಲ. ಆ ಹನ್ನೆರಡು ಗುಡಿಸಲುಗಳಲ್ಲಿ ಮೂರು ವಾರಗಳಿಂದ ಕಾಮಾಲೆ ಹಬ್ಬಿತ್ತು. ಐದು ಜನ ಮಲಗಿದ್ದರು. ಗುಡ್ಡದ ಮೇಲಿನವರು ಅತ್ತ ಹೆಜ್ಜೆ ಇಡುವುದನ್ನೇ ಬಿಟ್ಟಿದ್ದರು. ಆದರೂ ಮಗಳು ಆಗಲೇ ನಾಲ್ಕು ಮೆಟ್ಟಿಲು ಇಳಿದಿದ್ದಳು.

ಝರಿ ಎಂದರೆ ಗುಡ್ಡದ ಬುಡದಲ್ಲಿ, ಕೆಂಪು ಕಲ್ಲು ಮುಗಿದು ಬಿಳಿಚು ಜೇಡಿ ಶುರುವಾಗುವಲ್ಲಿ, ಕೈಬೆರಳಿನಷ್ಟು ದಪ್ಪಕ್ಕೆ ಸುರಿಯುವ ನೀರು. ಯಾರೋ ಅರ್ಧ ಕಡಿದ ಪೈಪೊಂದನ್ನು ಸಿಕ್ಕಿಸಿದ್ದರು. ಅದರ ಕೆಳಗೆ ಕೊಡ ಇಟ್ಟುಕೊಂಡು ಕುಳಿತಿದ್ದವಳು ರೂಪಿಬಾಯಿ. ಅರವತ್ತರ ಹೆಂಗಸು, ಬೀಚಿನಲ್ಲಿ ಮಣಿಸರ, ಕನ್ನಡಿ ಹಚ್ಚಿದ ಕಸೂತಿ ಚೀಲ ಮಾರುವ ಲಂಬಾಣಿ ಮನೆಗಳಿಗೆ ಅವಳೇ ಹಿರಿಯಳು. ಅಂಬಿಕಾ ಹಾಳೆ ತೆಗೆದು ಪ್ರಶ್ನೆ ಕೇಳತೊಡಗಿದಳು.

"ನಮ್ಮದು ಬಾಗೇವಾಡಿ ಕಡೆ ತಾಂಡಾ," ಎಂದಳು ರೂಪಿಬಾಯಿ.

ಕೇಶಪ್ಪ ತಲೆ ಎತ್ತಿದ. "ಬಾಗೇವಾಡಿ ಅಂದ್ರ ಯಾವ ಕಡೆ?" ಊರು ಹೇಳಿದಳು. ಅವನ ಊರಿನಿಂದ ಮೂರು ಹರದಾರಿ. ಸಣ್ಣವನಿದ್ದಾಗ ಅವಳ ತಾಂಡಾದ ಕೆರೆಯಲ್ಲಿ ಅವನು ಎತ್ತು ತೊಳೆದಿದ್ದ.

"ಹಂಗಾರ ನೀವು ನಮ್ಮವರ ಆದ್ರಿ ಅಣ್ಣಾರ," ಎಂದು ಅವಳು ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ಬೆಲ್ಲ ನೀರು ಕೊಟ್ಟರೆ ಬೇಡ ಎನ್ನಬಾರದು. ಕೇಶಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡ. ತಂಬಿಗೆ ಎತ್ತಿದವನು ಹಾಗೇ ಹಿಡಿದುಕೊಂಡ.

"ಕುಡೀರಿ, ಕಾಯಿಸಿದ್ದೈತಿ. ನನ್ನ ಸೊಸಿ ಗೋಮಿಬಾಯಿ ಮಲಗಿದಾಗಿಂದ ಕುಡಿಯೂ ನೀರು ಕಾಯಿಸ್ತೇನಿ. ಎಲ್ಲಾರ ಮನ್ಯಾಗೂ ಆಗಂಗಿಲ್ಲರಿ. ಸಿಲಿಂಡರ್ ಎಲ್ಲಿಂದ ತರೂಣು? ಮ್ಯಾಲಿನ ನಳಕ್ಕ ಬಂದ್ರ ನಿಮ್ಮ ಮಂದಿ ಕೊಡ ಇಡಗೊಡಂಗಿಲ್ಲ." ದೂರಿನ ದನಿ ಇರಲಿಲ್ಲ. ಬಸ್ಸು ತಡವಾಗಿ ಬರುತ್ತದೆ ಎಂದಷ್ಟೇ ಸಲೀಸಾಗಿ ಹೇಳಿದಳು.

ಅಂಬಿಕಾ ಹಾಳೆಯಲ್ಲಿ ಝರಿಯನ್ನು ನೀಲಿಯಲ್ಲಿ ಬರೆದು ಹೇಳಿದಳು: "ಟೀಚರ್ ಅಂದಿದ್ದು ಖರೇನ ಅಪ್ಪಾ. ಕೆಂಪು ಕಲ್ಲಿನಾಗೆಲ್ಲಾ ಸಣ್ಣ ಸಣ್ಣ ತೂತು ಇರ್ತಾವಂತ. ಮ್ಯಾಲೆ ಬಿದ್ದ ನೀರು ಅದರಾಗ ಇಳಕೋಂತ ಬಂದು, ಜೇಡಿ ಹತ್ತಿದ ಕೂಡಲೇ ನಿಂತು, ಇಲ್ಲಿ ಹೊರಗ ಬರ್ತೈತಿ. ಈ ನೀರೆಲ್ಲಾ ನಮ್ಮ ಓಣಿಯಿಂದ ಬರಾಕತ್ತೈತಿ ನೋಡು." ಅವಳು ಮೇಲಿನಿಂದ ಕೆಳಕ್ಕೆ ಒಂದು ಬಾಣ ಎಳೆದಳು.

ಕೇಶಪ್ಪ ಕತ್ತೆತ್ತಿ ನೋಡಿದ. ಝರಿಯ ನೆಟ್ಟ ನೇರಕ್ಕೆ, ಗುಡ್ಡದ ಅಂಚಿನಲ್ಲಿ, ಅವನದೇ ಮನೆಯ ಕರಿ ಬಣ್ಣದ ನೀರಿನ ಟಾಕಿ ಕಾಣುತ್ತಿತ್ತು. ಅದರ ಪಕ್ಕದಲ್ಲೇ ಅವನ ಗುಂಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಅವನ ಹೆಸರೆತ್ತಿರಲಿಲ್ಲ. ತಂಬಿಗೆಯ ನೀರು ಗಟಗಟ ಕುಡಿದು, "ನಡಿಯವ್ವಾ, ಬಿಸಿಲಾತು," ಎಂದು ಮೇಲೆದ್ದ.

ಅಂದು ಸಂಜೆಯೇ ರಾಮಪ್ಪ ಮನೆಗೆ ಬಂದ. ಓಣಿಗೆ ನಳ ತಂದವನು, ಕರೆಂಟು ತಂದವನು, ಯಾರಿಗೆ ಕಷ್ಟವಾದರೂ ಮೊದಲು ಓಡುವವನು ಅವನು. ಕೈಯಲ್ಲಿ ಪುರಸಭೆಗೆ ಕೊಡಬೇಕಾದ ಅರ್ಜಿಯಿತ್ತು. ಕೆಳಗಿನ ಹನ್ನೆರಡು ಗುಡಿಸಲುಗಳಿಂದ ಹೊಲಸು ಮತ್ತು ರೋಗ ಹರಡುತ್ತಿದ್ದು, ಅವುಗಳನ್ನು ಕೂಡಲೇ ತೆಗೆಸಬೇಕು ಎಂಬ ಒಕ್ಕಣೆ.

"ಮೊದಲ ಸಹಿ ನಿಂದು, ಕೇಶಪ್ಪಾ. ಬರೂ ರವಿವಾರ ಹಣಮಪ್ಪನ ಗುಡಿ ಮುಂದ ಎಲ್ಲಾರೂ ಮಾಡ್ತಾರ."

"ಅವರೂ ನಮ್ಮ ಕಡೆಯವರ ಅದಾರೋ. ಎಲ್ಲಿಗೆ ಹೋಗಬೇಕು?"

"ನನಗೇನು ದ್ವೇಷ ಐತೇನು?" ರಾಮಪ್ಪನ ದನಿ ಇಳಿಯಿತು. "ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ. ಏಳು ತಿಂಗಳು. ಬಸುರಿಗೆ ಕಾಮಣಿ ಬಂದ್ರ ಜೀವಕ್ಕ ಸಂಚಕಾರ ಅಂತ ಡಾಕ್ಟರ್ ಅಂದಾರ. ಅದು ಗುಡ್ಡ ಹತ್ತಿ ಬಂದ್ರ ನಾ ಏನು ಮಾಡ್ಲಿ, ನೀನ ಹೇಳು."

ಅರ್ಜಿಯ ಮಾತುಗಳು ಕೇಶಪ್ಪನಿಗೆ ಗುರುತಿನವು. ಹದಿನೆಂಟು ವರ್ಷದ ಹಿಂದೆ ಇಲ್ಲಿಯ ಮೂಲದವರಿಂದ ಇಂಥದೇ ಒಂದು ಕಾಗದ ಇದೇ ಗುಡ್ಡದ ಬಗ್ಗೆ ಹೋಗಿತ್ತು. ಘಾಟಿಯಿಂದ ಇಳಿದು ಬಂದವರಿಂದ ಹೊಲಸು, ರೋಗ ಎಂದು. ಆಗ ಅದನ್ನು ಯಾರೋ ಓದಿ ಹೇಳಿದಾಗ ರಾಮಪ್ಪ ಕಣ್ಣೀರು ಹಾಕಿದ್ದ. ಈಗ ಅವನಿಗೆ ಅದು ಮರೆತೇಹೋಗಿದೆ ಎಂದಲ್ಲ. ಹೆದರಿದವನಿಗೆ ನೆನಪು ಉಪಯೋಗಕ್ಕೆ ಬರುವುದಿಲ್ಲ.

ಮರುದಿನ ಚಂದವ್ವ ಬಂಗಲೆ ಕೆಲಸಕ್ಕೆ, ಅಂಬಿಕಾ ಶಾಲೆಗೆ ಹೋದ ಮೇಲೆ ಕೇಶಪ್ಪ ಅಟ್ಟದಿಂದ ಒಂದು ಡಬ್ಬಿ ಇಳಿಸಿದ. ಹೋಳಿ ಹುಣ್ಣಿಮೆಯ ಓಕುಳಿಗೆ ತಂದು ಉಳಿದ ಹಸಿರು ಬಣ್ಣ, ಚಿಟಿಕೆ ಹಾಕಿದರೆ ಒಂದು ಹಂಡೆ ನೀರು ಹಸಿರಾಗುವಂಥದು. ಡಬ್ಬಿಯನ್ನೇ ತನ್ನ ಗುಂಡಿಗೆ ಸುರಿದು, ಮೇಲೆ ಹದಿನೈದು ಕೊಡ ನೀರು ಹೊಯ್ದ. ಗುಂಡಿ ಎಂದಿನಂತೆ ಗಳಗಳ ಕುಡಿದುಬಿಟ್ಟಿತು. ಆಮೇಲೆ ತಡವಾಗಿ ಕೆಲಸಕ್ಕೆ ಹೋಗಿ ಮುಕಾದಮನಿಂದ ಬೈಸಿಕೊಂಡ. ಬಣ್ಣ ಹಾಕಿದ್ದೇನೆ, ಈ ವಾರ ಝರಿಯ ನೀರು ಮುಟ್ಟಬೇಡಿ ಎಂದು ಕೆಳಗಿನವರಿಗೆ ಹೇಳಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಹೇಳಲಿಲ್ಲ. ಆ ಒಂದು ತಪ್ಪು ಅವನನ್ನು ಬಹಳ ದಿನ ಕಾಡಿತು.

ಸಂಜೆ ಕೆಲಸದಿಂದ ಬರುತ್ತಾ ಝರಿಯ ದಾರಿ ಹಿಡಿದ. ನೀರು ತಿಳಿಯಾಗಿತ್ತು. ಮಂಗಳವಾರವೂ ತಿಳಿ. ಬುಧವಾರವೂ ತಿಳಿ. ಅಂದು ಅವನು ಮನೆಗೆ ಬಿಸಿ ಬಿಸಿ ಭಜಿ ಕಟ್ಟಿಸಿಕೊಂಡು ಬಂದ. ರೊಟ್ಟಿ ತಟ್ಟುತ್ತಿದ್ದ ಹೆಂಡತಿಯ ಹತ್ತಿರ ಕುಳಿತು ಸುಮ್ಮಸುಮ್ಮನೆ ನಕ್ಕ. ಭಾನುವಾರ ಸಹಿ ಮಾಡುವುದಿಲ್ಲ, ಅಷ್ಟರಲ್ಲೇ ಮುಗಿಯಿತು ಎಂದುಕೊಂಡ.

ಗುರುವಾರ ರೂಪಿಬಾಯಿಯೇ ದಾರಿಯಲ್ಲಿ ಎದುರಾದಳು. "ಅಣ್ಣಾರ, ನೀವು ಕಲ್ಲು ಮಣ್ಣಿನ ಕೆಲಸದವ್ರು. ಒಂದೀಟು ನೋಡಿ ಹೇಳ್ರಿ. ಮುಂಜಾನಿಂದ ನೀರು ಹಸಿರ ಬರಾಕತ್ತೈತಿ."

ಅರ್ಧ ಪೈಪಿನಿಂದ ಬೀಳುತ್ತಿದ್ದ ನೀರು ಗರಿಕೆಯ ಬಣ್ಣಕ್ಕಿತ್ತು. ಕೆಳಗಿನ ಬಿಳಿ ಪ್ಲಾಸ್ಟಿಕ್ ಕೊಡದ ಹೊಟ್ಟೆಯ ಸುತ್ತ ಹಸಿರು ಗೆರೆ ಮೂಡಿತ್ತು. ಗುಡಿಸಲಿನ ಬಾಗಿಲಲ್ಲಿ ಗೋಮಿಬಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಇಪ್ಪತ್ತೈದರ ಹೆಣ್ಣುಮಗಳು. ಅವಳ ಕಣ್ಣುಗಳು ಅರಿಶಿನ ಹಚ್ಚಿದಂತಿದ್ದವು.

"ಕುಡೀಬ್ಯಾಡ್ರಿ," ಎಂದ ಕೇಶಪ್ಪ. "ಕಾಯಿಸಿದ್ರೂ ಬ್ಯಾಡ. ನಾ ನೀರು ಕಳಸ್ತೇನಿ." ಬಣ್ಣದ ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ. ತಾನು ಕುಡಿಯುತ್ತಿದ್ದ ನೀರಿನ ಬಾಟಲಿ ಚೆಲ್ಲಿ, ಹಸಿರು ನೀರು ತುಂಬಿ ಜೋಳಿಗೆಯಲ್ಲಿ ಹಾಕಿಕೊಂಡ. ಆ ಸಂಜೆ ಅವನೂ ಚಂದವ್ವನೂ ನಳದಿಂದ ಆರು ಕೊಡ ಕೆಳಗಿಳಿಸಿದರು. ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಕೇಶಪ್ಪ ಸುಳ್ಳು ಹೇಳಿದ.

ಕೊನೆಯ ಕೊಡ ಇಳಿಸಿ ಬರುವಾಗ ಚಂದವ್ವ ಮೆಟ್ಟಿಲ ಮೇಲೆ ನಿಂತಳು. "ಓಕಳಿ ಬಣ್ಣದ ಡಬ್ಬಿ ಖಾಲಿ ಐತಿ. ನಿಮ್ಮ ಉಗುರ ಸಂದ್ಯಾಗ ಸೋಮವಾರದಿಂದ ಹಸಿರ ಐತಿ. ನನಗೇನೂ ತಿಳಿಯಂಗಿಲ್ಲ ಅಂದ್ಕೊಂಡ್ರೇನು?"

ಕೇಶಪ್ಪ ಎಲ್ಲವನ್ನೂ ಹೇಳಿದ. ಹೇಳಿ, "ಮೂವತ್ತೇಳು ಮನಿಯವರು ನನ್ನ ಮಾತು ನಂಬಿದ್ರು. ಈಗ ಹೆಂಗ ಮುಖ ತೋರಿಸ್ಲಿ? ಸುಮ್ಮನಿದ್ದು ಸಹಿ ಒಂದು ಮಾಡದ ಬಿಟ್ರ ಸಾಲದೇನು?" ಎಂದ.

"ನೀವು ಮಾಡದಿದ್ರ ಉಳಿದವ್ರು ಮಾಡ್ತಾರ. ಗುಡಿಸಲಾ ಹೋಗ್ತಾವ." ಅವಳು ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು. "ಮಾಡಿದ್ದುಣ್ಣೋ ಮಾರಾಯ ಅಂತಾರ. ಇಲ್ಲಿ ಮಾಡಿದವ್ರು ನಾವು, ಉಣ್ಣಾವ್ರು ಅವ್ರು."

ಅವನಿಗೆ ಸಿಟ್ಟು ಬಂತು. ಸಿಟ್ಟು ಹೆಂಡತಿಯ ಮೇಲಲ್ಲ ಎಂದೂ ಗೊತ್ತಿತ್ತು. ಬಿರಬಿರನೆ ಮೆಟ್ಟಿಲು ಹತ್ತಿದ.

ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿ ಬಂದಾಗ ನಕಾಶೆ ಗೋಡೆಗೆ ಒರಗಿಸಿಟ್ಟಿತ್ತು. ಚೆಂದವಾಗಿ ಬಣ್ಣ ತುಂಬಿದ್ದಳು. ನದಿಗೆ ನೀಲಿ, ಕಲ್ಲು ಬಯಲಿಗೆ ಇಟ್ಟಂಗಿ ಕೆಂಪು. ಹನ್ನೆರಡು ಗುಡಿಸಲಿಗೆ ಹನ್ನೆರಡು ಸಣ್ಣ ತ್ರಿಕೋನ, ಪಕ್ಕದಲ್ಲಿ 'ಮಣಿಸರ, ಕಸೂತಿ'. ಕೇಶಪ್ಪ ಕಣ್ಣಿಂದ ಬಾಣವನ್ನು ಹುಡುಕಿದ. ಬಾಣವಿದ್ದ ಕಡೆ ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಳೆ ತೆಳುವಾಗಿತ್ತು.

"ಬಾಣ ಯಾಕ ಅಳಿಸಿದಿ?"

ಅಂಬಿಕಾ ಕಂಪಾಸ್ ಡಬ್ಬಿ ಮುಚ್ಚುತ್ತಾ, "ಅದು ಬೇಕಾಗಿಲ್ಲ," ಎಂದಳು.

"ಅವತ್ತು ಬೇಕು ಅಂದಿದ್ದಿ."

ಅವಳು ತಲೆ ತಗ್ಗಿಸಿದಳು. "ಅದು ನಮ್ಮ ಮನಿಯಿಂದ ಶುರು ಆಗ್ತೈತಿ ಅಪ್ಪಾ. ಝರಿ ಹಸಿರ ಆಗಿದ್ದು ನಾನೂ ನೋಡೇನಿ. ಕ್ಲಾಸಿನಾಗ ಎಲ್ಲಾರೂ ನೋಡ್ತಾರ. ನಿನ್ನ ಹೆಸರು..."

ಕೇಶಪ್ಪ ಬಹಳ ಹೊತ್ತು ಆ ತೆಳುವಾದ ಜಾಗವನ್ನು ನೋಡುತ್ತಾ ನಿಂತ. ಮಗಳು ನೆಲ ಓದುವುದನ್ನು ಕಲಿಯಲಿ ಎಂದು ಕರೆದುಕೊಂಡು ಹೋಗಿದ್ದ. ಅವಳು ಅದನ್ನೂ ಕಲಿತಿದ್ದಳು, ಕಂಡದ್ದನ್ನು ಅಪ್ಪನ ಸಲುವಾಗಿ ಅಳಿಸುವುದನ್ನೂ ಕಲಿತಿದ್ದಳು. ಅವನಿಗೆ ಬಹಳ ನಾಚಿಕೆಯಾಯಿತು. ರೂಪಿಬಾಯಿಯ ಎದುರು, ಹೆಂಡತಿಯ ಎದುರು ಆಗದಷ್ಟು ನಾಚಿಕೆ.

"ನಾಳೆ ಇದನ್ನ ಗುಡಿ ಹತ್ರ ತಗೊಂಡು ಬಾ," ಎಂದ. "ಪೆನ್ಸಿಲ್ಲೂ ತಾ."

ಭಾನುವಾರ ಹತ್ತು ಗಂಟೆಗೆ ಹಣಮಪ್ಪನ ಗುಡಿಯ ಕಟ್ಟೆಯ ಮುಂದೆ ಓಣಿಯ ಜನ ಸೇರಿದ್ದರು. ರಾಮಪ್ಪ ಅರ್ಜಿ ಓದಿದ. ಓದು ಮುಗಿದ ಮೇಲೆ ಪೆನ್ನನ್ನು ಕೇಶಪ್ಪನ ಕಡೆ ಚಾಚಿದ. ಕೇಶಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. ಮಗಳ ನಕಾಶೆಯನ್ನು ಕಟ್ಟೆಯ ಮೇಲೆ ಹಾಸಿ, ಗಾಳಿಗೆ ಹಾರದಂತೆ ಒಂದು ಮೂಲೆಗೆ ಹಸಿರು ನೀರಿನ ಬಾಟಲಿ ಇಟ್ಟ.

"ಈ ನಕಾಶ್ಯಾಗ ಒಂದು ಬಿಟ್ಟೈತಿ," ಎಂದು ಪೆನ್ಸಿಲ್ ಹಿಡಿದ. ಕರಣಿ ಹಿಡಿದ ಬೆರಳುಗಳಿಗೆ ಪೆನ್ಸಿಲ್ ಒಗ್ಗಲಿಲ್ಲ. ಗುಡ್ಡದ ಅಂಚಿನಲ್ಲಿ ತನ್ನ ಮನೆಯ ಹಿಂದೆ ಒಂದು ಸೊನ್ನೆ ಬರೆದ. ಪಕ್ಕದ ಮನೆಗೆ ಇನ್ನೊಂದು. ಆಚೆ ಓಣಿಗೆ ಸಾಲಾಗಿ ನಾಲ್ಕು. ಜನ ಮುಂದೆ ಬಾಗಿದರು. ಪ್ರತಿಯೊಬ್ಬರಿಗೂ ತಮ್ಮ ಮನೆಯ ಹಿಂದಿನ ಸೊನ್ನೆ ಏನೆಂದು ತಿಳಿಯುತ್ತಿತ್ತು.

"ಇದು ನಿಂದು, ರಾಮಪ್ಪಾ. ತಳಕ್ಕ ಸಿಮೆಂಟ್ ಹಾಕೂಣು ಅಂತ ನೀ ಅಂದಿದ್ದಿ. ಈ ಕಲ್ಲಿಗೆ ಬೇಕಿಲ್ಲ ಅಂತ ನಾ ಅಂದೆ." ಮೂವತ್ತೇಳನೆಯ ಸೊನ್ನೆ ಬರೆದು ಮುಗಿಸಿದ ಮೇಲೆ, ಅಳಿಸಿದ್ದ ಜಾಗದಲ್ಲೇ ಮೇಲಿನಿಂದ ಝರಿಗೆ ಬಾಣ ಎಳೆದ. ಒತ್ತಿ ಎಳೆದದ್ದಕ್ಕೆ ತೆಳುವಾದ ಹಾಳೆ ಅಲ್ಲೊಂದು ಕಡೆ ಹರಿಯಿತು. "ಸೋಮವಾರ ನನ್ನ ಗುಂಡ್ಯಾಗ ಓಕಳಿ ಬಣ್ಣ ಹಾಕಿದೆ. ಗುರುವಾರ ಝರ್‍ಯಾಗ ಇದು ಬಂತು. ಅವರು ಕುಡಿಯಾಕತ್ತಿದ್ದು ನಮ್ಮದು. ಹೊಲಸು ಕೆಳಗಿಂದ ಹತ್ತಿ ಬಂದಿಲ್ಲ, ಮ್ಯಾಲಿಂದ ಇಳದು ಹೋಗೈತಿ. ತೋಡಿದಾವ ನಾನು."

ಗುಡಿಯ ಮುಂದೆ ಒಮ್ಮೆಗೇ ಗದ್ದಲ ಎದ್ದಿತು. ಈಗ ಎಲ್ಲ ಒಡೆದು ಕಟ್ಟಲು ದುಡ್ಡು ಯಾರಪ್ಪ ಕೊಡುತ್ತಾನೆ ಎಂದರು. ಒಂದು ಬಾಟಲಿ ನೀರು ನೋಡಿ ನಂಬಬೇಕೇನು ಎಂದರು. ಒಬ್ಬ ಅವನ ಅಂಗಿಗೇ ಕೈ ಹಾಕಿದ. "ಕೂಲಿ ಬ್ಯಾಡ. ರವಿವಾರಕ್ಕೊಂದರಂತೆ ನಾ ಕಟ್ಟಿಕೊಡ್ತೇನಿ. ಮೊದಲ ನಂದು," ಎಂದಷ್ಟೇ ಹೇಳಿದ ಕೇಶಪ್ಪ.

ರಾಮಪ್ಪ ಅವನ ಮುಖ ನೋಡಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೋದ. ಹರಿಯಲೂ ಇಲ್ಲ, ಕೊಡಲೂ ಇಲ್ಲ.

ಕೇಶಪ್ಪ ಅಂದೇ ಕೆಳಗಿಳಿದು ರೂಪಿಬಾಯಿಗೂ ಹೇಳಿದ, ಬಣ್ಣ ಹಾಕಿ ಸುಮ್ಮನಿದ್ದದ್ದನ್ನೂ ಸೇರಿಸಿ. ಅವಳು ಬೈಯಲಿಲ್ಲ. ಸೊಸೆಯ ಕಡೆ ನೋಡಿ, "ಹೇಳಿದ್ರಲ್ಲ," ಎಂದಳು. ಅವತ್ತು ಬೆಲ್ಲ ನೀರು ಕೊಡಲಿಲ್ಲ. ಕೇಶಪ್ಪ ನಿರೀಕ್ಷಿಸಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಚಂದವ್ವ ನಳದ ಸಾಲಿನಲ್ಲಿ ತನ್ನ ಕೊಡ ಹಿಂದಿಟ್ಟು ರೂಪಿಬಾಯಿಯ ಕೊಡ ಮುಂದಿಟ್ಟಳು. ಇಬ್ಬರು ಹೆಂಗಸರು ಮುಖ ತಿರುಗಿಸಿದರು, ಕೊಡವನ್ನು ಮಾತ್ರ ಯಾರೂ ಎತ್ತಿಡಲಿಲ್ಲ.

ಅಂಬಿಕಾ ಸೊನ್ನೆಗಳಿದ್ದ, ಬಾಣದ ಹತ್ತಿರ ಹರಿದಿದ್ದ ನಕಾಶೆಯನ್ನೇ ಶಾಲೆಗೆ ಕೊಟ್ಟಳು. ಹರಿದಲ್ಲಿ ಹಿಂದಿನಿಂದ ಒಂದು ಕಾಗದದ ತುಂಡು ಅಂಟಿಸಿದ್ದಳು.

ಮಳೆಗಾಲಕ್ಕೆ ಮೊದಲು ಕೇಶಪ್ಪ ತನ್ನ ಹಳೆಯ ಗುಂಡಿ ಬರಿದು ಮಾಡಿಸಿ, ಕಲ್ಲು ಮಣ್ಣು ತುಂಬಿ ಮುಚ್ಚಿದ. ಪಕ್ಕದಲ್ಲಿ ತಳಕ್ಕೂ ಗೋಡೆಗೂ ಸಿಮೆಂಟು ಬಳಿದ ಟಾಕಿ ಕಟ್ಟಿದ. ಬೇರೆ ಎಂಟು ಮನೆಯವರು ಮಾಡಿಸಿಕೊಂಡರು, ಉಳಿದವರು ನೋಡೋಣ ಎಂದರು. ಗೋಮಿಬಾಯಿ ಚೇತರಿಸಿಕೊಂಡು ಮತ್ತೆ ಬೀಚಿಗೆ ಹೋಗತೊಡಗಿದಳು. ರಾಮಪ್ಪನ ಮಗಳು ಗಂಡು ಮಗು ಹೆತ್ತಳು. ಹೆಸರಿಡುವ ಬಾರಸಿಗೆ ಕೇಶಪ್ಪನ ಮನೆಗೆ ಕರೆ ಬರಲಿಲ್ಲ.

ದೀಪಾವಳಿಯ ಹಿಂದಿನ ವಾರ ಗುಂಡಿಯ ಹೊಲಸು ಎಳೆಯುವ ಟ್ಯಾಂಕರು ಗುಡ್ಡ ಹತ್ತಿ ಬಂದು ಕೇಶಪ್ಪನ ಮನೆ ಮುಂದೆ ನಿಂತಿತು. ದಪ್ಪ ಪೈಪು ಅಂಗಳದುದ್ದಕ್ಕೂ ಹಾಸಿತ್ತು. ಹಾದುಹೋಗುವವರು ಮೂಗು ಮುಚ್ಚಿಕೊಂಡು ನಕ್ಕರು. ಕೇಶಪ್ಪನ ಗುಂಡಿ ತುಂಬಿತಂತೆ ಎನ್ನುವ ಮಾತು ಹತ್ತು ನಿಮಿಷದಲ್ಲಿ ಕೊನೆಯ ಓಣಿ ಮುಟ್ಟಿತು. ಕೇಶಪ್ಪ ಪೈಪಿನ ಪಕ್ಕ ನಿಂತಿದ್ದ.

ಟ್ಯಾಂಕರಿನ ಆಚೆ ಬದಿಯಿಂದ ರಾಮಪ್ಪ ಬಂದ. ಆರು ತಿಂಗಳಿಂದ ಇಬ್ಬರ ನಡುವೆ ಮಾತಿರಲಿಲ್ಲ. ಮೊಮ್ಮಗ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದ.

"ತುಂಬೇತೇನು?" ಎಂದ ರಾಮಪ್ಪ.

"ತುಂಬೇತಿ."

ರಾಮಪ್ಪ ಮಗುವಿನ ಮುಖಕ್ಕೆ ಬಿಸಿಲು ಬೀಳದಂತೆ ಟವೆಲು ಸರಿಸಿದ. "ಹಂಗಾರ ಮುಂದಿನ ರವಿವಾರ ಬಾ," ಎಂದ. "ನಂದೂ ಒಂದು ತುಂಬೂ ಹಂಗ ಕಟ್ಟಿಕೊಡು."